ನಾನು ನೀರು ಕುಡಿದ ಭಾನುವಾರ

ಮೈಕು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುವ ಮಂದಿಯಲ್ಲಿ ನಾನೂ ಒಬ್ಬ. ಮೈಕು ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ ಎಂಬುದು ನನ್ನ ಹೆಂಡತಿಯ ತಕರಾರು. ಗಡಿಯಾಚೆ ಮಹಾರಾಷ್ಟ್ರದ ಜತ್ತದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ವಾರವಿಡೀ ಮಾತಾಡಿದರೂ ಮಾತು ಮಿಕ್ಕುತ್ತಿತ್ತು. ಅದನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ ಇದ್ದಾಗ ಸಿಕ್ಕಿದ್ದೇ ನಮ್ಮ ಲಿನಕ್ಸ್ ಬಳಗ, ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶವೊಂದರ ಗೆಳೆಯರ ಕೂಟ.

ಬಳಗವೆಂದರೆ ದೊಡ್ಡದೇನಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಸುನಂದಾಬಾಯಿಯವರ ಕಂಪ್ಯೂಟರ್ ಕ್ಲಾಸು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾಲ್ಕಾರು ಮಾಸ್ತರರು, ಮೊಬೈಲ್ ಅಂಗಡಿಯವರು, ಕಾಲೇಜು ಹುಡುಗಿಯರು ಅಲ್ಲಿ ಸೇರುತ್ತಿದ್ದೆವು. ಭಾಷಣ ನನ್ನದು, ಚಹಾ ಸುನಂದಾಬಾಯಿಯವರದು. ಕನ್ನಡ ಬಾರದವರಿಗಾಗಿ ಅವರು ನನ್ನ ಮಾತನ್ನು ಮರಾಠಿಗೆ ತಿರುಗಿಸುತ್ತಿದ್ದರು. ಮುಕ್ತ ತಂತ್ರಾಂಶದ ಸ್ವಾತಂತ್ರ್ಯದ ಬಗ್ಗೆ ನಾನು ಉಸಿರು ಬಿಗಿಹಿಡಿದು ಒಂದು ಉದ್ದನೆಯ ವಾಕ್ಯ ಮುಗಿಸಿದರೆ, ಅವರು, “ಫುಕಟ ನವ್ಹೇ, ಮೋಕಳಂ” ಅಂದುಬಿಡುತ್ತಿದ್ದರು. ಬರೀ ಪುಕ್ಕಟೆಯದಲ್ಲ, ಕಟ್ಟಿಲ್ಲದ್ದು ಎಂದರ್ಥ. ಚಪ್ಪಾಳೆ ಅವರಿಗೇ ಬೀಳುತ್ತಿತ್ತು.

ನನಗೆ ಸಮಾಧಾನವೆಂದರೆ ಮಲ್ಲಪ್ಪ. ಹತ್ತಿರದ ಹಳ್ಳಿ ಮುಚ್ಚಂಡಿಯಲ್ಲಿ ಕುರಿ ಸಾಕಿಕೊಂಡಿದ್ದ ಮಧ್ಯವಯಸ್ಸಿನ ಮನುಷ್ಯ. ದೊಡ್ಡದೊಂದು ಚೀಲ ಹೊತ್ತು ಬಂದು, ಮೊದಲ ಸಾಲಿನಲ್ಲಿ ಅದನ್ನು ಕಾಲಬುಡಕ್ಕೆ ಇಟ್ಟುಕೊಂಡು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ. ಸಂತೆ ಮಾಡಿಕೊಂಡು ಬಂದಿದ್ದಾನೆ, ಆದರೂ ಮನೆಗೆ ಹೋಗದೆ ನನ್ನ ಮಾತಿಗೆ ಕೂತಿದ್ದಾನೆ ಎಂದು ನನಗೆ ಹೆಮ್ಮೆ. “ಕೇಳುಗ ಅಂದ್ರ ಹಿಂಗಿರಬೇಕು ನೋಡು,” ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೂ ಉಂಟು.

ಒಂದು ಭಾನುವಾರ ಗಂಟಲು ಒಣಗಿ, ಭಾಷಣದ ನಡುವೆ ನೀರಿನ ಲೋಟ ಎತ್ತಿದೆ. ಅಷ್ಟರಲ್ಲಿ ಮಲ್ಲಪ್ಪನ ಕೈ ಮೇಲೆದ್ದಿತು.

“ಸರ, ಮಾತಾಡ್ಲೇನ್ರಿ?”

“ಕೇಳ್ರಿ, ಕೇಳ್ರಿ. ಇಷ್ಟು ದಿನ ಯಾಕ ಸುಮ್ಮನಿದ್ರಿ?”

“ನೀವು ಮುಗಸೂದ್ರಾಗ ನಮ್ಮ ಬಸ್ ಬರ್ತಿತ್ರಿ.”

ಎಲ್ಲರೂ ನಕ್ಕರು. ಈ ಸಲ ಮರಾಠಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಮಲ್ಲಪ್ಪ ಪ್ರತಿ ಸಲ ಹೊತ್ತು ತರುತ್ತಿದ್ದ ಆ ಚೀಲದಿಂದ ಹಳೆಯ ಕಂಪ್ಯೂಟರಿನ ಡಬ್ಬಿಯನ್ನು ಹೊರತೆಗೆದ. “ಇದರಾಗ ನಮ್ಮವ್ವನ ಬೀಸೂ ಹಾಡು ರೆಕಾರ್ಡ್ ಮಾಡಿ ಇಟ್ಟಿದ್ವಿರಿ. ಹೋದ ವರ್ಷದಿಂದ ಇದು ಚಾಲೂನ ಆಗವಲ್ದು. ಅವ್ವಗೂ ಈಗ ಹಾಡು ಮರತಾವ. ಮಗಳು ಕಲೀತೀನಂತ ಹಟ ಹಿಡದಾಳ್ರಿ.”

ನಾನು ಲೋಟ ಕೆಳಗಿಡುವುದರೊಳಗೆ ಸುನಂದಾಬಾಯಿ ಅದಕ್ಕೆ ತಂತಿ ಜೋಡಿಸಿ, ತಮ್ಮ ಪೆನ್ ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿದ್ದರು. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡಿದವು, ನಿಂತವು. ಮಲ್ಲಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದ. ಕೊನೆಗೆ ಹಾಡುಗಳ ಕಡತ ತೆರೆಯಿತು. ಬೀಸುಕಲ್ಲಿನ ಗರಗರದ ಮೇಲೆ ತೇಲುವ ಹೆಣ್ಣು ದನಿಯೊಂದು ಆ ಪುಟ್ಟ ಕೋಣೆಯನ್ನು ತುಂಬಿತು.

ಮಲ್ಲಪ್ಪ ಮನೆಗೆ ಫೋನು ಹಚ್ಚಿ ಸ್ಪೀಕರಿನ ಹತ್ತಿರ ಹಿಡಿದ. “ಅವ್ವಾ, ಕೇಳ್ತದೇನು?”

ಆ ಕಡೆಯಿಂದ ಮುದುಕಿಯ ಸಿಟ್ಟಿನ ದನಿ: “ಯಾರೋ ಆಕಿ? ನಡುವ ಒಂದು ನುಡಿ ಬಿಟ್ಟಾಳ ನೋಡು!”

“ಅದು ನೀನ ಅದೀಯವ್ವಾ!”

“ನಾ ಯಾಕ ಬಿಡ್ತೀನೋ?” ಎಂದವಳೇ ಬಿಟ್ಟುಹೋದ ನುಡಿಯನ್ನು ಹಾಡತೊಡಗಿದಳು. ಅಲ್ಲಿಂದ ಮುಂದಿನದು, ಅದರ ಮುಂದಿನದು. ಕಾಲೇಜು ಹುಡುಗಿಯರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಸುನಂದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಲ್ಲಪ್ಪನ ಬಸ್ಸು ಬಂದು ಹೋಯಿತು, ಅವನು ಏಳಲಿಲ್ಲ.

ಈಗ ಬಳಗವಿಲ್ಲ. ಎಲ್ಲವೂ ಫೋನಿನಲ್ಲೇ ಸಿಗುವಾಗ ಭಾನುವಾರ ಯಾರು ಬರುತ್ತಾರೆ? ಸುನಂದಾಬಾಯಿ ಮಗಳ ಊರಿಗೆ ಹೋದರು. ಆ ಕೋಣೆಯಲ್ಲಿ ಈಗ ಟೇಲರ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗ ಕಾಲು ತಾನಾಗಿ ನಿಧಾನವಾಗುತ್ತದೆ.

ಬಳಗದ ಹಳೆಯವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಇವತ್ತಿಗೂ, “ಸರ, ಆ ದಿನದ ನಿಮ್ಮ ಕಾರ್ಯಕ್ರಮ ಭಾಳ ಚಲೋ ಆತ್ರಿ,” ಅನ್ನುತ್ತಾರೆ. ಆ ದಿನ ನಾನು ಮಾಡಿದ್ದು ನೀರು ಕುಡಿದದ್ದೊಂದೇ. ಆದರೂ ಕೈ ಮುಗಿದು, “ಎಲ್ಲಾ ನಿಮ್ಮ ಪ್ರೋತ್ಸಾಹರಿ,” ಎಂದು ಶುರು ಮಾಡುತ್ತೇನೆ. ಅವರು ತಮ್ಮ ಬಸ್ಸು ಬಂತೆಂದು ಓಡುತ್ತಾರೆ. ತಿರುಗಿ ನೋಡಿದರೆ ಸ್ಟ್ಯಾಂಡಿನಲ್ಲಿ ಒಂದೂ ಬಸ್ಸಿರುವುದಿಲ್ಲ.