ಕಂಪನಿ ಆ್ಯಪ್ ನೋಡಲು ಹೋದ ಮೇಷ್ಟ್ರು

ಆಸ್ಪತ್ರೆಯ ನರ್ಸಮ್ಮ ಕಳಿಸಿದ ಎರಡು ಸಾಲಿನಿಂದ ಮೇಷ್ಟ್ರ ರಜೆಯ ದಿನ ಕೆಟ್ಟಿತು. ‘ನಿಮ್ಮ ಮಾತ್ರೆ ಆ್ಯಪ್ ವಯಸ್ಸಾದವರಿಗೆ ಅರ್ಥ ಆಗ್ತಿಲ್ಲ. ಇವತ್ತು ಒಂದು ಕಂಪನಿಯದನ್ನ ಹಾಕಿ ನೋಡ್ತಿದ್ದೀವಿ.’

ಹೊತ್ತುಹೊತ್ತಿಗೆ ಮಾತ್ರೆ ನೆನಪಿಸುವ ಆ ಆ್ಯಪ್ ಮೂವರದು. ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರು ಕೋಡ್ ಬರೆಯುತ್ತಿದ್ದರು, ಅಕ್ಕ ಪರದೆಯ ಚಿತ್ರ ಬಿಡಿಸುತ್ತಿದ್ದಳು, ಬಳಸುವವರ ದೂರುಗಳಿಗೆ ಭಾವ ಉತ್ತರಿಸುತ್ತಿದ್ದರು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಉಚಿತ ತಂತ್ರಾಂಶ. ಅಪ್ಪ ಮರೆತು ಒಂದೇ ಮಾತ್ರೆಯನ್ನು ಎರಡೆರಡು ಸಲ ನುಂಗಿ, ಆಸ್ಪತ್ರೆ ಸೇರಿ, ಮನೆಗೆ ಮರಳದೆ ತೀರಿಕೊಂಡ ವರ್ಷ ಅದು ಶುರುವಾದದ್ದು.

“ಹೋಗಿ ಅವರದನ್ನ ನೋಡ್ಕೊಂಡು ಬಾ,” ಎಂದಳು ಅಕ್ಕ. “ಜನ ಯಾಕೆ ಅತ್ಲಾಗೆ ವಾಲ್ತಾರೆ ಅಂತ ತಿಳೀಬೇಡ್ವಾ?”

“ಇರೋದೇ ಮೂರು ಜನ,” ಎಂದರು ಭಾವ. “ಪಕ್ಕದವರ ಅಂಗಳ ನೋಡ್ತಾ ಕೂತ್ರೆ ನಮ್ಮನೆ ಕಸ ಗುಡಿಸೋರು ಯಾರು?”

“ಹಾಗಂತ ಕಣ್ಣು ಮುಚ್ಕೊಂಡು ಗುಡಿಸ್ತೀರಾ?”

ಗಂಡ ಹೆಂಡಿರ ಮಾತು ಕಾವೇರುವ ಮುನ್ನ ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯ ಬೆಂಚಿನ ತುದಿಯಲ್ಲಿ, ಬೇರೆಯವರ ಮದುವೆಗೆ ನುಗ್ಗಿದವರಂತೆ ಮುದುಡಿ ಕುಳಿತು, ಪಕ್ಕದ ಅಜ್ಜಿಯ ಫೋನಿನತ್ತ ಕತ್ತು ಚಾಚಿದರು. ಅಜ್ಜಿ ತಿರುಗಿದರು.

“ಕಂಪನಿಯವರಾ? ಇದು ಬಡ್ಕೊಳ್ತಾನೇ ಇದೆ ನೋಡಪ್ಪಾ, ನಿಲ್ತಾ ಇಲ್ಲ.”

ಅಲ್ಲ ಎನ್ನುವಷ್ಟರಲ್ಲಿ ಫೋನು ಅವರ ಕೈಯಲ್ಲಿತ್ತು. ಮೇಷ್ಟ್ರು ತಡಕಾಡಿದರು. ಹಸಿರು ಗುಂಡಿ ಒತ್ತುವವರೆಗೆ ಗಂಟೆ ನಿಲ್ಲದು. ಒಮ್ಮೆ ಒತ್ತಿದರೆ ‘ಈ ಹೊತ್ತಿನ ಮಾತ್ರೆ ಆಯಿತು’ ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅಪ್ಪನಿಗೆ ಬೇಕಿದ್ದದ್ದು ಇಷ್ಟೇ. ಜೇಬಿನಿಂದ ಚೀಟಿ ತೆಗೆದು ಗುರುತು ಹಾಕಿಕೊಂಡರು.

“ನುಂಗಿದ ಮೇಲೆ ಇದನ್ನ ಒತ್ತಿ ಅಜ್ಜಿ. ಮೊದಲೇ ಒತ್ತಬೇಡಿ.”

ಪಾಠ ಹೇಳಿ ಪಳಗಿದ ದನಿ. ಇಡೀ ಬೆಂಚು ಕಿವಿಯಾಯಿತು. ನಿವೃತ್ತ ಬಸ್ ಡ್ರೈವರೊಬ್ಬರು ತಮ್ಮ ಫೋನು ಚಾಚಿದರು. ಕಣ್ಣು ಮಂಜಾದ ದರ್ಜಿಗೆ ಮೇಷ್ಟ್ರು ಅಕ್ಷರ ದೊಡ್ಡದು ಮಾಡಿಕೊಟ್ಟರು. ದೂರದಿಂದ ಕಂಡ ನರ್ಸಮ್ಮ ಕುರ್ಚಿ ಹಾಕಿಸಿದರು. ಮಧ್ಯಾಹ್ನಕ್ಕೆ ಸಾಲು ಬಾಗಿಲು ದಾಟಿತು. ತಪ್ಪಿದವರಿಗೆ ಮತ್ತೆ ಮತ್ತೆ ಮಾಡಿಸಿದರು. ಯಾರು ಎಲ್ಲಿ ಎಡವುತ್ತಾರೆ ಎಂಬುದೆಲ್ಲ ಚೀಟಿಗೆ ಏರಿತು. ಊಟ ಮರೆತೇಹೋಯಿತು.

ಸಂಜೆ, ಇದನ್ನೆಲ್ಲ ಒಂದೇ ತಿಂಗಳಲ್ಲಿ ನಮ್ಮ ಆ್ಯಪಿಗೂ ತರುತ್ತೇನೆ ಎಂದು ಹೇಳಲು ಅವರು ಹುರುಪಿನಿಂದ ನರ್ಸಮ್ಮನ ಮೇಜಿಗೆ ಬಂದರು.

“ದೊಡ್ಡ ಉಪಕಾರ ಮಾಡಿದ್ರಿ ಮೇಷ್ಟ್ರೇ,” ಎಂದರು ನರ್ಸಮ್ಮ. “ಬೆಳಿಗ್ಗೆ ಒಬ್ಬರಿಗೂ ಇದು ಬರ್ತಿರಲಿಲ್ಲ. ಸಂಜೆಗೂ ಹಿಂಗೇ ಆದ್ರೆ ಮೇಷ್ಟ್ರದ್ದೇ ಇರಲಿ ಅಂದಿದ್ರು ಡಾಕ್ಟ್ರು. ಈಗ ಎಲ್ಲರಿಗೂ ನೀರು ಕುಡಿದಷ್ಟು ಸಲೀಸು. ನಾಳೆಯಿಂದ ಇಡೀ ಆಸ್ಪತ್ರೆಗೆ ಇದೇ.”

ಮೇಷ್ಟ್ರು ಚೀಟಿಯನ್ನು ಮಡಚಿ ಜೇಬಿಗಿಟ್ಟರು.

“ಮುಂದಿನ ವಾರ ಹೊಸಬರು ಬರ್ತಾರೆ. ನೀವು ಹೇಳ್ಕೊಟ್ಟಂಗೆ ಹೇಳ್ಕೊಡೋಕೆ ಕಂಪನಿಯವರಿಗೂ ಬರಲ್ಲ.”

ಬೆಂಚಿನ ಕಡೆ ಗಂಟೆ ಬಾರಿಸಿತು. ಅಜ್ಜಿ ಮಾತ್ರೆ ನುಂಗಿ, ನೀರು ಕುಡಿದು, ಹಸಿರು ಗುಂಡಿ ಒತ್ತಿದರು.

“ಎಷ್ಟು ಗಂಟೆಗೆ ಬರ್ಲಿ?” ಎಂದರು ಮೇಷ್ಟ್ರು.