ಡಿಕ್ಕಿ ನನ್ನ ಇಲಾಖೆಯಲ್ಲ

ಅವಮಾನಕ್ಕೂ ಒಂದು ಮಟ್ಟ ಅಂತ ಇರಬೇಕು ಸ್ವಾಮಿ. ಲಾರಿಯವನು ಹಿಂದೆ ಹಾಕಿದರೆ ‘ದೊಡ್ಡ ಗಾಡಿ, ಹೋಗಲಿ’ ಎನ್ನಬಹುದು. ಕೇರಳದ ಬಸ್ಸು ಹಿಂದೆ ಹಾಕಿದರೆ ‘ಪಾಪ, ದೂರದವರು’ ಎಂದುಕೊಳ್ಳಬಹುದು. ನನ್ನ ಕೆಂಪು ಕಾರನ್ನು, ಒಳಗೆ ಹೆಂಡತಿಯೂ ಅತ್ತೆಯೂ ಕೂತಿರುವಾಗಲೇ, ತೆರಕಣಾಂಬಿ ಕಡೆಯ ಏರಿನಲ್ಲಿ ಹಿಂದೆ ಹಾಕಿದ್ದು ಟೊಮ್ಯಾಟೊ ತುಂಬಿದ ಟೆಂಪೋ.

ಹಿಂದಿನ ಸೀಟಿನಲ್ಲಿದ್ದ ನಮ್ಮತ್ತೆ ಶಾಂತಮಲ್ಲಮ್ಮನವರು ಭೀಮನಬೀಡಿನವರು. ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುವ ಜಾಯಮಾನದವರಲ್ಲ.

“ಅಳಿಯಂದ್ರೆ, ಆ ಟೊಮ್ಯಾಟೊ ಗಾಡಿಯೋನು ನಿಮ್ಗೆ ಕೈ ಬೀಸ್ಬುಟ್ಟು ಓದ. ಗುರ್ತಿನೋನಾ?”

“ಗುರುತಿಲ್ಲ,” ಎಂದೆ. (ಗುರುತಿತ್ತು. ನಮ್ಮ ಪಕ್ಕದ ಬೀದಿಯ ಅಮೀನ್. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಕ್ಕೆ ಎರಡು ಟ್ರಿಪ್ ಹೊಡೆಯುತ್ತಾನೆ. ಆ ಏರಿನಲ್ಲಿ ನನ್ನನ್ನು ಹಿಂದೆ ಹಾಕಿದ್ದು ಅದು ಮೂರನೇ ಸಲ.)

“ಅಂಗಾರೆ ಕನಿಕರಕ್ಕೆ ಬೀಸಿರ್ಬೇಕು ಬುಡಿ,” ಎಂದರು ಅತ್ತೆ.

ನನ್ನ ಹೆಂಡತಿ ಸುಧಾಮಣಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವಳ ಭುಜ ಕುಲುಕುತ್ತಿತ್ತು.

ನನ್ನ ಪರಿಚಯ ಹೇಳಲಿಲ್ಲ. ನೀಲಕಂಠಸ್ವಾಮಿ, ಹಂಗಳದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ಗುಂಡ್ಲುಪೇಟೆ. ಕಾರಿನ ಪರಿಚಯ ಇನ್ನೂ ಮುಖ್ಯ. ಹನ್ನೆರಡು ವರ್ಷದ ಹಳೆಯದು, ಮೈಸೂರಿನ ಡಾಕ್ಟರೊಬ್ಬರ ಮಗ ಓಡಿಸಿದ್ದು. ಎರಡೂ ಪಕ್ಕಕ್ಕೆ ಬಿಳಿ ಪಟ್ಟೆ, ಹಿಂದೆ ಒಂದು ಪುಟ್ಟ ರೆಕ್ಕೆ, ಅದರ ಕೆಳಗೆ ‘ಸ್ಪೋರ್ಟ್’ ಎಂಬ ಬಿರುದು. ಕೊಂಡ ಹೊಸದರಲ್ಲಿ ಬಿರುದಿಗೆ ತಕ್ಕಂತೆಯೇ ಓಡುತ್ತಿತ್ತು. ಈಚೆಗೆ ಏಳೆಂಟು ತಿಂಗಳಿಂದ ಏನೋ ಗ್ರಹಚಾರ, ಏರು ಕಂಡರೆ ನಿಟ್ಟುಸಿರು ಬಿಡುವುದಕ್ಕೆ ಶುರು ಮಾಡಿತ್ತು.

ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ಕಾರಿಗೂ ಖಾತೆ ಹಂಚಿಕೆ ಆಗಿದೆ. ಬಾನೆಟ್ಟು, ಗೇರು, ಸ್ಟಿಯರಿಂಗು ನನ್ನವು. ಏಸಿ, ಒಳಗಿನ ಕನ್ನಡಿ ಮತ್ತು ಡಿಕ್ಕಿ ಸುಧಾಮಣಿಯವು. ನಮ್ಮ ಮನೆಯ ಬೀರು ಹೇಗೋ ಡಿಕ್ಕಿಯೂ ಹಾಗೆ. ಮದುವೆಯಾಗಿ ಹದಿನಾರು ವರ್ಷವಾಯಿತು, ಎರಡನ್ನೂ ನಾನು ಕೇಳದೆ ತೆಗೆದವನಲ್ಲ.

ಅವತ್ತು ಮನೆಗೆ ಬಂದವಳೇ ಸುಧಾಮಣಿ ಶುರು ಮಾಡಿದಳು.

“ರೀ, ಆ ಕಾರು ಮಾರ್ಬುಡಿ. ನನ್ನ ತಮ್ಮ ಸೋಮೇಶ ಚೆಂಡುಹೂ ಸಾಗಿಸೋಕೆ ಒಂದು ಗಾಡಿ ಬೇಕು ಅಂತಿದ್ದಾನೆ.”

“ಸ್ಪೋರ್ಟ್ ಕಾರಿನಲ್ಲಿ ಚೆಂಡುಹೂವೇ?”

“ಟೊಮ್ಯಾಟೊ ಮುಂದೆ ಸೋತ ಮೇಲೆ ಚೆಂಡುಹೂ ಆದ್ರೇನು, ಈರುಳ್ಳಿ ಆದ್ರೇನು?”

ನನಗೆ ಉರಿದುಹೋಯಿತು. “ಇಂಜಿನ್ನಿಗೆ ಸ್ವಲ್ಪ ಕೆಲಸ ಮಾಡಿಸಿದರೆ ಆ ಟೆಂಪೋದವನಿಗೆ ಈ ಕಾರಿನ ಬೆನ್ನು ಮಾತ್ರ ಕಾಣಬೇಕು, ನೋಡ್ತಿರು!” ಎಂದುಬಿಟ್ಟೆ.

“ಆಗ್ಲಿ. ಮುಂದಿನ ತಿಂಗಳು ಪವಿತ್ರನ ಮಗೂಗೆ ತೊಟ್ಲು ಶಾಸ್ತ್ರ. ಚಾಮರಾಜನಗರಕ್ಕೆ ಹೋಗ್ಲೇಬೇಕು. ಅವತ್ತು ಆ ಟೊಮ್ಯಾಟೊ ಗಾಡಿ ನಮ್ಮನ್ನ ಹಿಂದೆ ಹಾಕಿದ್ರೆ ಕಾರು ಸೋಮೇಶಂಗೆ. ಅವ್ವಾ, ನೀನೇ ಸಾಕ್ಷಿ.”

ಪವಿತ್ರ ಸುಧಾಮಣಿಯ ತಂಗಿ. ಎರಡನೇ ಹೆರಿಗೆಯಾದ್ದರಿಂದ ಶಾಸ್ತ್ರ ಗಂಡನ ಮನೆಯಲ್ಲೇ ಇತ್ತು. ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಸಾಕ್ಷಿ ಕಣಮ್ಮಿ,” ಎಂದರು.

ಮಾರನೇ ದಿನವೇ ಸರ್ದಾರ್ ಭಾಯಿಯ ಗ್ಯಾರೇಜಿಗೆ ಹೋದೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ ನಾನು ಸಾಕಷ್ಟು ಪಂಡಿತನಾಗಿದ್ದೆ. ಟರ್ಬೋ ಕೂರಿಸಬೇಕು ಎಂದೆ. ಸರ್ದಾರ್ ಭಾಯಿ ಕೈಯಿನ ಗ್ರೀಸು ಒರೆಸಿಕೊಳ್ಳುತ್ತಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

“ಮೇಷ್ಟ್ರೇ, ದಿನಾ ಸ್ಕೂಲ್ಗೆ ಓಗೋ ಕಾರು ಇದು. ಟರ್ಬೋ ಗಿರ್ಬೋ ಬುಡಿ. ಗಾಳಿ ಸಲೀಸಾಗಿ ಒಳಿಕ್ಕೆ ಬರ್ಲಿ, ಹೊಗೆ ಸಲೀಸಾಗಿ ಈಚ್ಗೆ ಓಗ್ಲಿ, ಕಿಡಿ ಸರ್ಯಾಗಿ ಬೀಳ್ಲಿ. ರೋಡಲ್ಲಿ ಓಡ್ಸೋರ್ಗೆ ಅಷ್ಟ್ ಸಾಕು.”

ಹಾಗೆ ಗಾಳಿಗೆ ಹೊಸ ಫಿಲ್ಟರ್ ಬಂತು, ಹೊಗೆಗೆ ಅಗಲ ಬಾಯಿಯ ಸೈಲೆನ್ಸರ್ ಬಂತು, ಕಿಡಿಗೆ ಒಳ್ಳೆಯ ಜಾತಿಯ ಪ್ಲಗ್ಗುಗಳು ಬಂದವು. ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಕಲಿಸುವುದಕ್ಕೆ ಮೈಸೂರಿನಿಂದ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಇಪ್ಪತ್ತು ನಿಮಿಷದಲ್ಲಿ ಕಲಿಸಿ ಹೋದ. ನಾನು ನನ್ನ ಒಂಬತ್ತನೇ ತರಗತಿಯನ್ನು ನೆನೆದುಕೊಂಡೆ.

ನಡುವೆ ಒಂದು ಸಲ ಸರ್ದಾರ್ ಭಾಯಿ ಫೋನ್ ಮಾಡಿದ. “ಮೇಷ್ಟ್ರೇ, ಸೈಲೆನ್ಸರ್ ಹಾಕವಾ ಅಂತ ಜಾಕ್ ಕೊಟ್ರೆ ಗಾಡಿ ಹಿಂದ್ಗಡೆ ಏಳ್ನೇ ಇಲ್ಲ. ಅದ್ಕೇ ಡಿಕ್ಕಿಲಿದ್ದಿದ್ದ…”

“ಡಿಕ್ಕಿ ನನ್ನ ಇಲಾಖೆಯಲ್ಲ ಸರ್ದಾರ್ ಭಾಯಿ. ಇಂಜಿನ್ ವಿಷಯ ಇದ್ದರೆ ಹೇಳಿ.”

ಕಾರು ಕೊಡುವ ದಿನ ಮತ್ತೆ ಬಾಯಿ ತೆಗೆದ. “ಇಂಜಿನ್ ಚೆನ್ನಾಗದೆ ಮೇಷ್ಟ್ರೇ. ಆದ್ರೆ ಆ ಡಿಕ್ಕಿ…”

“ಇಂಜಿನ್ ಚೆನ್ನಾಗಿದೆ ತಾನೆ? ಸಾಕು,” ಎಂದು ಕೀಲಿ ಕಿತ್ತುಕೊಂಡೆ.

ಈ ಎರಡು ಮಾತನ್ನೂ ನೀವು ನೆನಪಿನಲ್ಲಿಟ್ಟುಕೊಂಡಿರಿ. ನಾನು ಇಟ್ಟುಕೊಳ್ಳಲಿಲ್ಲ.

ಆಹಾ, ಅವತ್ತು ಹಂಗಳದ ರಸ್ತೆಯಲ್ಲಿ ಆ ಕಾರು ಹೋದ ಚೆಂದ! ಕಾಲು ತಾಗಿಸಿದರೆ ಸಾಕು, ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು. ಮೂರನೇ ಗೇರಿನಲ್ಲಿ ತೆವಳುತ್ತಿದ್ದ ದಿಬ್ಬವನ್ನು ನಾಲ್ಕರಲ್ಲಿ ಹತ್ತಿತು. ಸ್ಟಾಫ್ ರೂಮಿನಲ್ಲಿ ಗಾಳಿ, ಹೊಗೆ, ಕಿಡಿಗಳ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಸೈಲೆನ್ಸರಿನ ಸದ್ದು ಸ್ವಲ್ಪ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ನಾನು ಬರುವುದು ಸುಧಾಮಣಿಗೆ ಎರಡು ಬೀದಿ ಮುಂಚೆಯೇ ಕೇಳಿಸಿ, ಸಾರು ಬಿಸಿಗಿಡುತ್ತಿದ್ದಳು. ಅದೂ ಒಂದು ಅನುಕೂಲವೇ.

ತೊಟ್ಟಿಲು ಶಾಸ್ತ್ರದ ದಿನ ಬೆಳಿಗ್ಗೆ ಆರೂವರೆಗೆ ಹೊರಟೆವು. ಮಗುವಿನ ಬಟ್ಟೆ, ಹಣ್ಣಿನ ಬುಟ್ಟಿ ಎಲ್ಲವನ್ನೂ ಸುಧಾಮಣಿ ತೊಡೆಯ ಮೇಲೆ ಪೇರಿಸಿಕೊಂಡಳು.

“ಹಿಂದೆ ಹಾಕಬಾರದಾ?” ಎಂದೆ.

“ಡಿಕ್ಕಿ ತುಂಬಿದೆ. ನಿಮಗ್ಯಾಕೆ ಅದು?”

ನನಗ್ಯಾಕೆ, ನಿಜ. ಏರು ಬಂತು. ಮುಂದೆ ಅಮೀನನ ಟೆಂಪೋ. ನಾಲ್ಕನೇ ಗೇರಿನಲ್ಲಿ, ಹಾರ್ನ್ ಹೊಡೆದು, ಸಭ್ಯವಾಗಿ ದಾಟಿಕೊಂಡು ಹೋದೆ. ಅತ್ತೆ ಕಿಟಕಿಯಿಂದ ಅವನಿಗೆ ಕೈ ಬೀಸಿದರು.

“ಅಳಿಯಂದ್ರೆ, ಗಾಡಿಗೆ ಏನೋ ಮೈಮೇಲ್ ಬಂದಂಗದೆ,” ಎಂದರು. ಹದಿನಾರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಏಳೂಕಾಲಿಗೆ ಚಾಮರಾಜನಗರ. ತಿಂಡಿಯಾದ ಮೇಲೆ ಪವಿತ್ರಳ ಮಾವ ಸೋಮಯ್ಯನವರನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿಕೊಂಡು ಒಂದೊಂದೇ ಭಾಗ ತೋರಿಸಿದೆ. “ಹತ್ತು ಕುದುರೆಯ ಬಲ ಹೆಚ್ಚಾಗಿದೆ,” ಎಂದೆ. ಅವರು ಬಗ್ಗಿ ಬಗ್ಗಿ ನೋಡಿದರು, ಕುದುರೆ ಕಾಣದೆ, “ಓಹೋ” ಎಂದರು.

ಒಂಬತ್ತೂಕಾಲಿಗೆ ಅತ್ತೆ ಜಗಲಿಗೆ ಬಂದರು. “ಅಳಿಯಂದ್ರೆ, ಕಲ್ಲ ಇಳ್ಸಿ.”

“ಯಾವ ಕಲ್ಲು?”

“ಡಿಕ್ಕಿಲಿರೋ ಕಲ್ಲು.”

ನಮ್ಮ ಕಡೆ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮುಂಚೆ ರುಬ್ಬುವ ಗುಂಡುಕಲ್ಲನ್ನು ಹಾಕಬೇಕು. ಕಲ್ಲಿಗೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ತೊಟ್ಟಿಲಲ್ಲಿ ಮಲಗಿಸಿ ತೂಗಿ, ಆಮೇಲೆ ಮಗು. ಯಾವ ಮನೆಯಲ್ಲಾದರೂ ಅಲ್ಲಿನ ಕಲ್ಲೇ ಸಾಕು. ನಮ್ಮತ್ತೆಗೆ ಮಾತ್ರ ಭೀಮನಬೀಡಿನ ತಮ್ಮ ಮನೆಯ ಕಲ್ಲೇ ಆಗಬೇಕು. ನಾಲ್ಕು ತಲೆಮಾರಿನ ಮಕ್ಕಳೆಲ್ಲ ಅದರ ಹಿಂದೆಯೇ ತೊಟ್ಟಿಲು ಹತ್ತಿದ್ದು, ಸುಧಾಮಣಿಯೂ ಸೇರಿ. ಗುಂಡಿನ ಜೊತೆ ಒರಳೂ ಹೋಗಬೇಕು. (“ಗಂಡ ಎಂಡ್ತಿ ಇದ್ದಂಗೆ ಅವು, ಬ್ಯಾರೆ ಮಾಡ್ಬಾರ್ದು,” ಎನ್ನುತ್ತಾರೆ.) ಕಲ್ಲು ತಂದವರಿಗೆ ಹೆಗಲಿಗೊಂದು ಶಲ್ಯ, ಊಟಕ್ಕೆ ಮೊದಲ ಎಲೆ.

“ಯಾವಾಗ ಇಟ್ಟಿರಿ ಅದನ್ನ?” ಎಂದೆ.

“ಪವಿತ್ರಂಗೆ ಮೂರ್ ತಿಂಗ್ಳು ಅಂದಾಗ್ಲೇ ಇಡ್ಸಿವ್ನಿ. ಕೊನೇ ಗಳಿಗೇಲಿ ಮರ್ತೋಗದು ಬ್ಯಾಡ ಅಂತ. ಬಾಣಂತಿಗೆ ಎರಡ್ ಮೂಟೆ ರಾಗಿನೂ ಅದೆ.”

ಲೆಕ್ಕದ ಮೇಷ್ಟ್ರಲ್ಲವೇ, ಲೆಕ್ಕ ತಾನಾಗಿಯೇ ಆಯಿತು. ಪವಿತ್ರ ಹೊತ್ತಿದ್ದ ಹೆಚ್ಚುಕಮ್ಮಿ ಅಷ್ಟೂ ಕಾಲ ನನ್ನ ಕಾರೂ ಹೊತ್ತಿತ್ತು.

ಸುಧಾಮಣಿ ಡಿಕ್ಕಿ ತೆಗೆದಳು. ಒಳಗೆ ಒಂದು ಖಾಲಿ ಗೋಣಿಚೀಲವಿತ್ತು, ಅದರ ಮೇಲೆ ನಾಲ್ಕು ರಾಗಿ ಕಾಳು. ಅಂಗಳದಲ್ಲಿದ್ದವರೆಲ್ಲ ಡಿಕ್ಕಿ ನೋಡಿ, ಆಮೇಲೆ ನನ್ನನ್ನು ನೋಡಿದರು. ಸರ್ದಾರ್ ಭಾಯಿಯ ಎರಡು ಅರ್ಧ ವಾಕ್ಯಗಳು ನನ್ನ ಕಿವಿಯಲ್ಲಿ ಆಗ ಪೂರ್ತಿಯಾದವು.

“ಗ್ಯಾರೇಜಿನಲ್ಲಿ… ಇಳಿಸಿರಬೇಕು,” ಎಂದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಕಲ್ಲಿಲ್ದೆ ಕೂಸ್ನ ಎಂಗ್ಲಾ ಶಿವ್ನೆ ಮಲಗ್ಸದು,” ಎಂದು ಅಲ್ಲೇ ಕೂತುಬಿಟ್ಟರು.

“ಹನ್ನೊಂದಕ್ಕೆ ತಾನೆ ಮುಹೂರ್ತ? ನನ್ನ ಕಾರಿದೆ!” ಎಂದು ಘೋಷಿಸಿ ಕಾರು ಹತ್ತಿದೆ. ಸುಧಾಮಣಿ ಹಿಂದಿನಿಂದ ಏನೋ ಕೂಗುತ್ತಾ ಓಡಿಬಂದಳು. ಬಾಯಿ ಆಡುವುದು ಕನ್ನಡಿಯಲ್ಲಿ ಕಂಡಿತು. ಸೈಲೆನ್ಸರಿನ ಅಬ್ಬರದಲ್ಲಿ ಮಾತು ಕೇಳಲಿಲ್ಲ. ‘ಹುಷಾರು’ ಅಂತಿರಬೇಕು ಎಂದುಕೊಂಡು ಕೈಯೆತ್ತಿದೆ.

ಅರ್ಧ ದಾರಿಯಲ್ಲಿ ಎದುರಿಗೆ ಅಮೀನನ ಟೆಂಪೋ ಬಂತು. ಎರಡನೇ ಟ್ರಿಪ್. ಲೈಟು ಮಿಟುಕಿಸಿದ, ಕಿಟಕಿಯಿಂದ ಕೈ ಹೊರಗೆ ಹಾಕಿ ಜೋರಾಗಿ ಆಡಿಸಿದ. ಸೋಲು ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದು ನಾನೂ ದೊಡ್ಡತನದಿಂದ ಹಾರ್ನ್ ಹೊಡೆದು ಮುಂದೆ ಹೋದೆ.

ಹತ್ತಕ್ಕೆ ಗ್ಯಾರೇಜು ಸೇರಿದರೆ ಸರ್ದಾರ್ ಭಾಯಿ ಆರಾಮಾಗಿ ಟೀ ಕುಡಿಯುತ್ತಿದ್ದ.

“ಕಲ್ಲೆಲ್ಲಿ?”

“ಓಯ್ತು ಮೇಷ್ಟ್ರೇ. ಮೇಡಮ್ಮು ಫೋನ್ ಮಾಡುದ್ರು. ಅಮೀನ್ ಲೋಡ್ ಮಾಡ್ಕಂಡು ಇಲ್ಲೇ ನಿಂತಿದ್ದ. ಒರಳು ಗುಂಡು ಎರಡ್ನೂ ಕಳಿಸ್ಬುಟ್ಟೆ. ನಿಮ್ಗೆ ಅವರೂ ಮಾಡುದ್ರು, ನಾನೂ ಮಾಡ್ದೆ. ನೀವು ಎತ್ತಲೇ ಇಲ್ಲ.”

ಜೇಬಿನಿಂದ ಫೋನ್ ತೆಗೆದೆ. ಹದಿನಾಲ್ಕು ಮಿಸ್ಡ್ ಕಾಲ್. ಕೊನೆಯ ಮೂರು ಅಮೀನನವು.

“ಕಲ್ಲ ಜೋಪಾನ ಮಾಡಿದ್ದೆ ಮೇಷ್ಟ್ರೇ,” ಎಂದ ಸರ್ದಾರ್ ಭಾಯಿ. “ಅರಿಶ್ನ ಕುಂಕುಮ ಇತ್ತಲ್ಲ, ಪೂಜೆದು ಅಂತ ನನ್ನ ಎಂಡ್ತಿ ವಾಜಿದಾ ಮನೆ ಒಳಿಕ್ಕೇ ಮಣೆ ಮೇಲೆ ಇಡ್ಸಿದ್ಲು. ಹೇಳನಾ ಅಂದ್ರೆ ನೀವು ಇಂಜಿನ್ ಬುಟ್ಟು ಬ್ಯಾರೆ ಕೇಳಕಿಲ್ಲ.”

ಒಂದು ಮಾತು ಕೇಳಬೇಕಿತ್ತು, ಕೇಳಿಬಿಟ್ಟೆ. “ನಿಜ ಹೇಳಿ ಸರ್ದಾರ್ ಭಾಯಿ. ಕಾರು ಇಷ್ಟು ಚೆನ್ನಾಗಿ ಓಡಿದ್ದು…?”

ಅವನು ಲೋಟ ಕೆಳಗಿಟ್ಟ. “ಪ್ಲಗ್ಗು ಫಿಲ್ಟರ್ದೂ ಒಂಚೂರು ಅದೆ, ಇಲ್ಲ ಅನ್ನಕಾಗಲ್ಲ. ಆದ್ರೆ ಮೇಷ್ಟ್ರೇ, ಡಿಕ್ಕಿಯಿಂದ ನಾನು ಇಳ್ಸಿದ್ದು ಎರಡೂವರೆ ಕ್ವಿಂಟಾಲು.”

ಮಾತಾಡುತ್ತಲೇ ಆ ಎರಡು ಮೂಟೆ ರಾಗಿಯನ್ನು ಡಿಕ್ಕಿಗೆ ಹಾಕಿಸಿದ. ಮೇಡಮ್ಮಿನ ಅಪ್ಪಣೆಯಂತೆ. ಏರಿನಲ್ಲಿ ಕಾರು ಮೂರನೇ ಗೇರಿಗೆ ಬಂತು.

ಹನ್ನೊಂದೂಕಾಲಿಗೆ ತಲುಪಿದಾಗ ತೊಟ್ಟಿಲು ತೂಗುತ್ತಿತ್ತು, ಒಳಗೆ ಮಗು ನಿದ್ದೆ ಹೋಗಿತ್ತು, ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡ ಗುಂಡುಕಲ್ಲು ಕೂತಿತ್ತು. ಮೊದಲನೇ ಎಲೆಯಲ್ಲಿ ಅಮೀನ್ ಹೋಳಿಗೆ ತಿನ್ನುತ್ತಿದ್ದ. ಹೆಗಲ ಮೇಲೆ ಹಸಿರಂಚಿನ ಶಲ್ಯ. ಅತ್ತೆ ತಾವೇ ನಿಂತು ತುಪ್ಪ ಬಡಿಸುತ್ತಿದ್ದರು.

“ಬನ್ನಿ ಮೇಷ್ಟ್ರೇ, ಕೂತ್ಕಳಿ,” ಎಂದ ಅಮೀನ್, ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾ.

ಊಟವಾದ ಮೇಲೆ ಸುಧಾಮಣಿ ನನ್ನನ್ನು ಜಗಲಿಯ ಮೂಲೆಗೆ ಕರೆದಳು. “ಸೋಮೇಶಂಗೆ ಫೋನ್ ಮಾಡ್ಲಾ?”

“ಬೆಳಿಗ್ಗೆ ನಾವೇ ತಾನೆ ಮೊದಲು ಬಂದದ್ದು?”

“ನಾವು ಬಂದ್ವಿ. ಬರಬೇಕಾದ್ದು ಯಾವುದರಲ್ಲಿ ಬಂತು?”

ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದ ಕೆಂಪು ಕಾರನ್ನು ನೋಡಿದೆ. ಅದರ ಮೇಲೆ ಚೆಂಡುಹೂವಿನ ಚೀಲ ಹೇರಿದ್ದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. “ಬುಡಮ್ಮಿ, ಮಾರದ್ಯಾಕೆ? ಅಳಿಯಂದ್ರು ಆಸೆ ಪಟ್ಟು ಇಟ್ಕಂಡವ್ರೆ.” ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. “ಮುಂದೆ ಸೋಮೇಶನ ಮಕ್ಳ ತೊಟ್ಲು ಅದೆ. ಕಲ್ಲಿಗೂ ಒಂದು ಗಾಡಿ ಬೇಕಲ್ಲ? ಅದ್ರಲ್ಲೇ ಇರ್ಲಿ.”

(ಸೋಮೇಶನಿಗೆ ಐದು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ.)

ಸಾಯಂಕಾಲ ಹೊರಡುವಾಗ ನಾಲ್ಕು ಜನ ಸೇರಿ ಒರಳು, ಗುಂಡು ಎರಡನ್ನೂ ನನ್ನ ಡಿಕ್ಕಿಯಲ್ಲಿಟ್ಟರು. ಬರಿಗೈಲಿ ಕಳಿಸಬಾರದೆಂದು ಸೋಮಯ್ಯನವರು ಒಂದು ಮೂಟೆ ಅಕ್ಕಿ, ಒಂದು ಬಾಳೆಗೊನೆ ಸೇರಿಸಿದರು. ಅತ್ತೆ ಒಮ್ಮೆ ಕಾರಿನ ಹಿಂಭಾಗ ತಗ್ಗಿದ್ದನ್ನು ನೋಡಿದರು, ಒಮ್ಮೆ ಖಾಲಿಯಾಗಿ ನಿಂತಿದ್ದ ಅಮೀನನ ಟೆಂಪೋ ನೋಡಿದರು.

“ಭಾರ ಜಾಸ್ತಿ ಆಯ್ತದೆ ಅಳಿಯಂದ್ರೆ. ನಾನೂ ಸುಧಾನೂ ಅಮೀನಪ್ಪನ ಗಾಡೀಲೇ ಬತ್ತೀವಿ. ನೀವು ಕಲ್ಲ ಜೋಪಾನವಾಗಿ ತಕ್ಕಂಡ್ ಬನ್ನಿ.”

ತೆರಕಣಾಂಬಿ ಕಡೆಯ ಏರಿನಲ್ಲಿ ನಾನು ಎರಡನೇ ಗೇರಿನಲ್ಲಿದ್ದೆ. ಟೆಂಪೋ ಹಿಂದಿನಿಂದ ಬಂತು. ಈ ಸಲ ಹಾರ್ನ್ ಹೊಡೆದರು, ಸುಧಾಮಣಿಯೇ ಕೈ ಚಾಚಿ ಹೊಡೆದದ್ದಂತೆ. ಅತ್ತೆ ಕಿಟಕಿಯಿಂದ ಕೈ ಬೀಸಿದರು.

ನಾನು ಎಡಕ್ಕೆ ಸರಿದು ದಾರಿ ಬಿಟ್ಟೆ.