ಹೂಲೆಟ್ ತಗ್ಗಿನ ಮೇಲೆ ಹೊರಿಸಿದ ಹೆದರಿಕೆ

ಮಾನ್ಯ ಬಸ್ ಕಂಪನಿಯ ವ್ಯವಸ್ಥಾಪಕರೇ,

ಬೆಚ್ಚನೆಯ ಕಚೇರಿಯಲ್ಲಿ ಕೂತು ಸ್ಕಾಟ್ಲೆಂಡಿನ ಈ ಗುಡ್ಡಗಳ ಯೋಗಕ್ಷೇಮ ನೋಡಿಕೊಳ್ಳುವ ತಮಗೆ ಹೂಲೆಟ್ ತಗ್ಗಿನ ಮೂರು ಮನೆಗಳ ಮತ್ತು ಎರಡು ಗೂಬೆಗಳ ಪರವಾಗಿ ವಂದನೆಗಳು.

"ಈ ತಂಗುದಾಣ 'ಈರಿ', ಅಂದರೆ ಭಯ ಹುಟ್ಟಿಸುವಂಥದ್ದು; ಕತ್ತಲಾದ ಮೇಲೆ ಬಸ್ ನಿಲ್ಲುವುದಿಲ್ಲ" ಎಂದು ತಾವು ಕಂಬಕ್ಕೆ ಅಂಟಿಸಿದ ಪ್ರಕಟಣೆ ಓದಿ ಧನ್ಯಳಾದೆ. ಚಳಿಗಾಲದಲ್ಲಿ ಇಲ್ಲಿ ಚಹಾದ ಹೊತ್ತಿಗೇ ಕತ್ತಲು. ಪಕ್ಕದ ಮನೆಯ ವಾಟ್ ಎಲಿಯಟ್ ಕುರಿಗಳನ್ನು ದೊಡ್ಡಿಗೆ ಸೇರಿಸಿ, ಆ ಕತ್ತಲ ಹೊತ್ತಿನ ಬಸ್ಸಿನಲ್ಲೇ ಪಟ್ಟಣದ ಆಸ್ಪತ್ರೆಗೆ ಹೋಗಿ ಹೆಂಡತಿ ಇಸೊಬೆಲ್‌ಗೆ ಊಟ ಮಾಡಿಸಬೇಕು. ನೆನಪು ಕಳೆದುಕೊಂಡಿರುವ ಆಕೆ ಬೇರೆ ಯಾರು ಚಮಚ ಹಿಡಿದರೂ ಬಾಯಿ ತೆರೆಯುವುದಿಲ್ಲ. ತಮ್ಮ ಶೂರ ಚಾಲಕ ಡಾರನ್ ಮಾತ್ರ ನಮ್ಮ ತಗ್ಗನ್ನು ಎಂಥ ವೇಗದಲ್ಲಿ ದಾಟುತ್ತಾನೆಂದರೆ, ಕುರಿಗಳೂ ಎದ್ದು ನಿಂತು ಗೌರವ ಸಲ್ಲಿಸುತ್ತವೆ.

ಹಗಲು ಬಸ್ಸಿನಲ್ಲಿ ಅವನನ್ನೇ ಕೇಳಿದೆ. "ಜಾಗ ಈರಿ ಕಣಜ್ಜೀ, ಮಂಜು ಬೇರೆ, ಗೂಬೆ ಬೇರೆ" ಅಂದ. "ಲೋ ಪುಕ್ಕಲಾ, ಈರಿ ಜಾಗ ಅಲ್ವೋ, ನೀನು!" ಅಂದೆ. ಬಸ್ಸೆಲ್ಲ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ.

ಹದಿನಾಲ್ಕಕ್ಕೇ ಶಾಲೆ ಬಿಟ್ಟವಳ ಮಾತು ತಾವು ನಂಬಬೇಕಿಲ್ಲವೆಂದು, ಟೀಚರ್ ಮಿಸ್ ಪ್ರಿಂಗಲ್ ಅವರಿಂದ ದಪ್ಪ ನಿಘಂಟನ್ನೇ ತೆಗೆಸಿದೆ. ಈ ಪದ ನಮ್ಮ ಬಡಗಣ ಸೀಮೆಯದೇ, 'ಹೇಡಿ' ಎಂಬ ಅರ್ಥದ ಹಳೆಯ ಮಾತಿನಿಂದ ಹುಟ್ಟಿದ್ದು; ನೂರಾರು ವರ್ಷ ಅದು ಹೆದರಿದ ಮನುಷ್ಯನಿಗೇ ಅಂಟಿಕೊಂಡಿದ್ದು, ಆಮೇಲೆ ಜಾರಿ ಪಾಪದ ಜಾಗಗಳ ತಲೆಗೆ ಬಿತ್ತಂತೆ. ನಮ್ಮಜ್ಜಿ "ನಂಗ್ಯಾಕೋ ಈರಿ ಕಣೇ" ಅನ್ನುತ್ತಿದ್ದಳು, ಲಾಂದ್ರ ಎತ್ತಿಕೊಂಡು ಇದೇ ತಗ್ಗಿನಲ್ಲಿ ನಡೆದೇಬಿಡುತ್ತಿದ್ದಳು. ತಗ್ಗಿನ ಮೇಲೆ ಒಂದು ದಿನವೂ ದೂರು ಹೇಳಲಿಲ್ಲ.

ಆದ್ದರಿಂದ ದಯಮಾಡಿ ಮಂಜನ್ನು ಕಚೇರಿಗೆ ಕರೆಸಿ ವಿಚಾರಿಸಿ; ಬಸ್ ಹೋದ ಮೇಲೆಯೇ ಕೂಗುವಂತೆ ಗೂಬೆಗಳಿಗೆ ವೇಳಾಪಟ್ಟಿ ಕಳಿಸಿ; ಡಾರನ್ ಪಕ್ಕದಲ್ಲಿ ಅವರಮ್ಮನನ್ನು ಕೂರಿಸಿ. ಇದ್ಯಾವುದೂ ಕೈಲಾಗದಿದ್ದರೆ, ಕಂಬದ ಚೀಟಿ ಕಿತ್ತು ಹೆದರಿದವನ ಬೆನ್ನಿಗೇ ಅಂಟಿಸಿ, ಬಸ್ ನಿಲ್ಲಿಸಿ.

ತಮ್ಮ ವಿಶ್ವಾಸಿ,
ಹೆದರದೆ ಕಾಯುತ್ತಿರುವ
ಗ್ರಿಜೆಲ್ ರದರ್‌ಫರ್ಡ್

ತಾ.ಕ.: ತಮ್ಮ ಚಾಲಕನಿಗೆ ಧೈರ್ಯವಿರಲೆಂದು ಮಂಗಳವಾರ ವಾಟ್ ಲಾಂದ್ರ ಹಿಡಿದು ಕಂಬದ ಕೆಳಗೆ ನಿಂತಿದ್ದ. ತಗ್ಗಿನಲ್ಲಿ ದೆವ್ವ ಕಂಡಿತೆಂದು ಡಾರನ್ ತಮಗೆ ವರದಿ ಕೊಟ್ಟಿದ್ದಾನಂತೆ. ಆ ದೆವ್ವದ ಇನ್ನೊಂದು ಕೈಯಲ್ಲಿ ಸೂಪಿನ ಡಬ್ಬಿ ಇತ್ತು. ಅವತ್ತು ಇಸೊಬೆಲ್ ಉಣ್ಣಲಿಲ್ಲ.